ತಳದ ನೀರಿನ ಲೆಕ್ಕ

ಮಲ್ಪೆ, ಆಗಸ್ಟ್ 20

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ಮನೆ ಸುದ್ದಿ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಬೋಟಿನ ತಳದ ನೀರು ಹೊರಹಾಕುವ ಪಂಪಿನ ಬಗ್ಗೆ ನಿನ್ನ ಪತ್ರದಲ್ಲಿದ್ದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಈಚೆಗೆ ಪಂಪು ಸ್ವಲ್ಪ ಹೆಚ್ಚು ಹೊತ್ತು ಓಡುತ್ತದೆ, ಐಸ್ ಕರಗಿದ ನೀರಿರಬೇಕು." ಹೆಚ್ಚು ಅಂದರೆ ಎಷ್ಟು ನಿಮಿಷ? ಹೋದ ಟ್ರಿಪ್ಪಿನಲ್ಲಿ ಎಷ್ಟಿತ್ತು? ಲಾಗ್ ಪುಸ್ತಕದಲ್ಲಿ ಇಲ್ಲದಿದ್ದರೆ ಅದು ನಿನಗೂ ಗೊತ್ತಿಲ್ಲ ಮಾರಾಯ.

ಐಸಿನ ನೀರು ಸಪ್ಪೆ, ಕಡಲಿನದು ಉಪ್ಪು. ಡೆಕ್ ತೊಳೆಯುವ ಮೊದಲೇ ಬೆರಳದ್ದಿ ರುಚಿ ನೋಡು. ಮೀನು ತೊಳೆದ ನೀರೂ ಉಪ್ಪೇ, ಆಮೇಲೆ ನೋಡಿ ಪ್ರಯೋಜನವಿಲ್ಲ. ಪಂಪು ಹಾಕುವ ಮುಂಚೆ ಒಂದು ಪಟ್ಟಿ ಇಳಿಸಿ ನೀರು ಎಷ್ಟು ಇಂಚು ಎಂದು ಅಳೆ. ಜಾಗ ದಿನವೂ ಅದೇ ಇರಲಿ, ಬೋಟು ವಾಲಿರಬಾರದು. ಹೊತ್ತು, ಇಂಚು, ಪಂಪು ಓಡಿದ ನಿಮಿಷ, ಎಂಜಿನ್ ಚಾಲೂ ಇತ್ತೇ ನಿಂತಿತ್ತೇ, ಇಷ್ಟು ಬರೆ.

ಕೊನೆಯದನ್ನು ಬಿಡಬೇಡ. ಪ್ರೊಪೆಲ್ಲರ್ ಶಾಫ್ಟ್ ತಿರುಗುವಾಗ ಮಾತ್ರ ನೀರು ಹೆಚ್ಚಾದರೆ ಮೊದಲು ಗ್ಲ್ಯಾಂಡ್, ಅಂದರೆ ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಬಿಗಿಪಟ್ಟನ್ನು ನೋಡು, ಆಮೇಲೆ ಎಂಜಿನ್ ತಂಪು ಮಾಡುವ ನೀರಿನ ಹೋಸು. ಗ್ಲ್ಯಾಂಡಿನಿಂದ ನಿಮಿಷಕ್ಕೆ ನಾಲ್ಕಾರು ಹನಿ ಬಿದ್ದರೆ ತಪ್ಪಿಲ್ಲ. ಹನಿಯೇ ಬೀಳದಂತೆ ಬಿಗಿ ಮಾಡಿದರೆ ಅದರೊಳಗೆ ತುಂಬಿದ ಪ್ಯಾಕಿಂಗ್ ಸುಟ್ಟು ಶಾಫ್ಟೇ ಸವೆಯುತ್ತದೆ. ಲಂಗರು ಹಾಕಿ ಎಂಜಿನ್ ನಿಲ್ಲಿಸಿದ ಮೇಲೂ ಇಂಚು ಏರಿದರೆ ಹಲಗೆಯ ಸಂದೋ ತಳದ ವಾಲ್ವೋ, ಎರಡನ್ನೂ ನೋಡಬೇಕು. ಪಂಪಿಗೆ ಆಟೋಮ್ಯಾಟಿಕ್ ಸ್ವಿಚ್ ಇದೆ ಎಂದು ಬೇರೆ ಬರೆದಿದ್ದೀ. ನನಗೆ ಇನ್ನೂ ಹೆದರಿಕೆ ಅದೇ. ರಾತ್ರಿಯಿಡೀ ತಾನೇ ಓಡಿ ತಾನೇ ನಿಂತರೆ ನೀವು ಮಲಗಿರುತ್ತೀರಿ, ಬ್ಯಾಟರಿ ಇಳಿದ ದಿನವೇ ಗೊತ್ತಾಗುವುದು.

ಉಪದೇಶ ಮಾಡಲು ನನಗೇನೂ ಯೋಗ್ಯತೆ ಇಲ್ಲ ಬಿಡು. ನನ್ನ ಹಳೆಯ ಪುಸ್ತಕಗಳಲ್ಲಿ ಬಂಗುಡೆ ಎಷ್ಟು ಬುಟ್ಟಿ, ಡೀಸೆಲ್ ಎಷ್ಟು ಲೀಟರ್ ಎಂದು ಸಾಲುಸಾಲಿದೆ. ನೀರಿನ ಮಾತು ಒಂದು ಪುಟದಲ್ಲೂ ಇಲ್ಲ. ಈಗ ತಿರುವಿದರೆ ನಾಚಿಕೆಯಾಗುತ್ತದೆ.

ಉಳಿದದ್ದು ನೀನು ಬರೆಯುತ್ತಲೇ ಇರಬಹುದು: ಹೊರಟ ಹೊತ್ತು, ಬೋಟಿನಲ್ಲಿ ಇರುವವರ ಹೆಸರು, ನಾಲ್ಕು ಗಂಟೆಗೊಮ್ಮೆ ಆಯಿಲ್ ಪ್ರೆಶರ್, ಟೆಂಪರೇಚರ್, ಆಳ ಎಷ್ಟು ಮಾರು, ಜಿಪಿಎಸ್ ಜಾಗ. ಜಾಗ ಬರೆಯುವಾಗ ಜಾಗ್ರತೆ. 13 ಡಿಗ್ರಿ 20.50 ನಿಮಿಷ ಬೇರೆ, 20 ನಿಮಿಷ 50 ಸೆಕೆಂಡ್ ಬೇರೆ. ನಡುವೆ ಆರುನೂರು ಮೀಟರಿಗೂ ಹೆಚ್ಚು ಅಂತರ. ನೀರು ನುಗ್ಗಿ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಸಹಾಯಕ್ಕೆ ಕೂಗುವ ರಾತ್ರಿ ಅಷ್ಟು ಅಂತರ ಸಣ್ಣದಲ್ಲ. ನೋಡು, ಮತ್ತೆ ನೀರಿಗೇ ಬಂದೆ. ತಪ್ಪು ಬರೆದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿ ಬರೆ, ಹಾಳೆ ಹರಿಯಬೇಡ.

ಮುಂದಿನ ಪತ್ರದಲ್ಲಿ ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ಮೂರು ದಿನದ ಇಂಚು ಮತ್ತು ನಿಮಿಷ ಬರೆದು ಕಳಿಸು.

ನಿನ್ನ ಮಾವ