ವಿದೇಶಿ ಜಾಲತಾಣಗಳನ್ನು ಕಾನೂನು ಹಿಡಿಯುವಂತಾಗಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಮಗಳು ಅಂತರ್ಜಾಲದಲ್ಲಿ ತನ್ನ ಹೆಸರು ಹುಡುಕಿದಾಗ, ಯಾವುದೋ ವಿದೇಶಿ ಜಾಲತಾಣದ ಒಂದೇ ಪುಟದಲ್ಲಿ ಅವಳ ಮೊಬೈಲ್ ಸಂಖ್ಯೆ, ನಾವು ಬಿಟ್ಟು ಆರು ವರ್ಷವಾದ ಬಾಡಿಗೆ ಮನೆಯ ವಿಳಾಸ, ಕಾಲೇಜಿನ ದಿನಗಳ ಭಾವಚಿತ್ರ ಮೂರೂ ಸಿಕ್ಕವು. ತೆಗೆದುಹಾಕುವಂತೆ ಬರೆದರೆ, ಮೊದಲು ಗುರುತಿನ ಚೀಟಿಯ ಪ್ರತಿ ಕಳುಹಿಸಿ ಎಂಬ ಉತ್ತರ ಬಂತು. ದೂರು ಕೊಡೋಣವೆಂದರೆ ಅವರ ಕಚೇರಿ ಎಲ್ಲಿದೆ ಎಂಬುದೇ ಆ ತಾಣದಲ್ಲಿಲ್ಲ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 3, ದೇಶದ ಹೊರಗಿನ ದತ್ತಾಂಶ ಬಳಕೆಗೂ ಅನ್ವಯಿಸುತ್ತದೆ. ಆದರೆ ಆ ಬಳಕೆಯು ಭಾರತದಲ್ಲಿರುವವರಿಗೆ ಸರಕು ಅಥವಾ ಸೇವೆ ಒದಗಿಸುವುದಕ್ಕೆ ಸಂಬಂಧಿಸಿರಬೇಕು. ನಮಗೆ ಏನನ್ನೂ ಮಾರದೆ, ನಮ್ಮ ವಿವರಗಳನ್ನೇ ಕಲೆಹಾಕಿ ಪರದೇಶದವರಿಗೆ ಮಾರುವವರು ಇದರಿಂದ ನುಣುಚಿಕೊಳ್ಳುವ ಸಾಧ್ಯತೆಯೇ ಹೆಚ್ಚು. 2022ರ ಕರಡು ಮಸೂದೆಯಲ್ಲಿ 'ಪ್ರೊಫೈಲಿಂಗ್' (ವಿವರಗಳಿಂದ ವ್ಯಕ್ತಿಯ ನಡವಳಿಕೆ, ಆಸಕ್ತಿಗಳನ್ನು ಅಂದಾಜಿಸುವುದು) ಎಂಬ ಪದವೂ ಇತ್ತು. ಅದನ್ನು ಕೈಬಿಟ್ಟದ್ದು ದೊಡ್ಡ ತಪ್ಪು ಎಂದೇ ನನ್ನ ಭಾವನೆ.

2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್, ಅಲ್ಲಿನ ಜನರ ನಡವಳಿಕೆಯ ಮೇಲೆ ನಿಗಾ ಇಡುವ ಹೊರದೇಶದ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಅಂತರ್ಜಾಲದಿಂದ ಜನರ ಮುಖಚಿತ್ರಗಳನ್ನು ಬಾಚಿಕೊಂಡು ಪೊಲೀಸರಿಗೆ ಶೋಧ ಸೇವೆ ಮಾರುವ ಅಮೆರಿಕದ ಕ್ಲಿಯರ್‌ವ್ಯೂ ಎಐ ಕಂಪನಿಗೆ 2022ರಲ್ಲಿ ಇಟಲಿ, ಗ್ರೀಸ್, ಫ್ರಾನ್ಸ್ ತಲಾ 2 ಕೋಟಿ ಯೂರೊ, 2024ರಲ್ಲಿ ನೆದರ್ಲೆಂಡ್ಸ್ 3.05 ಕೋಟಿ ಯೂರೊ ದಂಡ ಹಾಕಿದ್ದು ಈ ಬಲದಿಂದಲೇ. ಗಡಿಯಾಚೆಯಿಂದ ದಂಡ ವಸೂಲು ಮಾಡುವುದು ಸುಲಭವಲ್ಲ, ಒಪ್ಪುತ್ತೇನೆ. ಆದೇಶ ಪಾಲಿಸಲಿಲ್ಲವೆಂದು ಫ್ರಾನ್ಸ್ 2023ರಲ್ಲಿ ಮತ್ತೆ 52 ಲಕ್ಷ ಯೂರೊ ವಿಧಿಸಬೇಕಾಯಿತು. ಆದರೂ ಅಲ್ಲಿನ ಪ್ರಜೆಗೆ ದೂರು ಕೊಡಲು ಒಂದು ಬಾಗಿಲಿದೆ. ಒಕ್ಕೂಟದಲ್ಲಿ ಕಚೇರಿಯಿಲ್ಲದ ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಅಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಬೇಕೆಂಬ ನಿಯಮವೂ ಇದೆ. ನಮ್ಮ ಕಾಯ್ದೆಯಲ್ಲಿ ತಾಣವನ್ನು ತಡೆಹಿಡಿಯಲು ಅವಕಾಶ ಕೊಡುವ ಸೆಕ್ಷನ್ 37 ಕೂಡ, ಎರಡು ಸಲವಾದರೂ ದಂಡ ಬಿದ್ದ ಮೇಲಷ್ಟೇ ನೆರವಿಗೆ ಬರುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣವಾದ ಅರ್ಜಿ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. 2023ರ ಕಾಯ್ದೆಯಡಿ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ನೀಡಿವೆ. ಕೈಬಿಟ್ಟ 'ಪ್ರೊಫೈಲಿಂಗ್' ಪದವನ್ನು ಕಾಯ್ದೆಗೆ ಮರಳಿ ಸೇರಿಸಲು ಮತ್ತು ವಿದೇಶಿ ತಾಣಗಳು ಭಾರತದಲ್ಲಿ ಉತ್ತರದಾಯಿಯಾದ ಪ್ರತಿನಿಧಿಯನ್ನು ನೇಮಿಸುವುದನ್ನು ಕಡ್ಡಾಯಗೊಳಿಸಲು ನಮ್ಮ ರಾಜ್ಯದ ಸಂಸದರು ಪಕ್ಷಭೇದ ಮರೆತು ಕೇಂದ್ರ ಸರ್ಕಾರವನ್ನು ಒತ್ತಾಯಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಶಿವಮೊಗ್ಗ