ಚಾರಣದ ಸೀಸನ್ ವಿಸ್ತರಣೆ: ಮನವಿ ಬಗ್ಗೆ

ಎಲ್ಲರಿಗೂ ನಮಸ್ಕಾರ. ಚಾರಣದ ಸೀಸನ್ ಹೆಚ್ಚಿಸಿ ಎಂದು ಅರಣ್ಯ ಇಲಾಖೆಗೆ ಮನವಿ ಕೊಡೋಣ ಅಂತ ಮಾತಾಗಿತ್ತಲ್ವಾ, ಕರಡು ಬರೆಯುತ್ತಿದ್ದೇನೆ.

ಒಂದು ವಿಷಯ ಮಾತ್ರ ಬೇಡ. ಬೇಸಿಗೆಯಲ್ಲೂ ಕಾಡು ತೆರೆಯಿರಿ ಎಂದು ನಾವು ಕೇಳಬಾರದು. 1,712 ಮೀಟರ್ ಎತ್ತರದ ಕುಮಾರ ಪರ್ವತವನ್ನೇ ನೋಡಿ. ಮಳೆಗಾಲದಲ್ಲಿ ಹಸಿರಾಗಿದ್ದ ಹುಲ್ಲು ಫೆಬ್ರವರಿ ಹೊತ್ತಿಗೆ ಒಣಗಿ ಗರಿಗರಿ ಆಗಿರುತ್ತದೆ. ಒಂದು ಬೀಡಿ ತುಂಡು ಸಾಕು, ಗಾಳಿಗೆ ಬೆಂಕಿ ಇಡೀ ಗುಡ್ಡ ಏರುತ್ತದೆ. ಆರಿಸಲು ಫಾರೆಸ್ಟ್ ವಾಚರ್‌ಗಳು ಸೊಪ್ಪಿನ ಕೊಂಬೆ ಹಿಡಿದು ಓಡಬೇಕು. ಅವರ ಜೀವ ನಮ್ಮ ಭಾನುವಾರಕ್ಕಿಂತ ದೊಡ್ಡದು.

ಕೇಳಬೇಕಾದ್ದು ಬೇರೆ ಇದೆ. ಮಳೆ ನಿಂತ ಕೂಡಲೇ ದಾರಿ ಪರೀಕ್ಷಿಸಿ ಬೇಗ ತೆರೆಯಲಿ. ಮುಚ್ಚುವ ದಿನ ಒಂದು ತಿಂಗಳು ಮೊದಲೇ ತಿಳಿಸಲಿ. ವಾರದ ದಿನಗಳಲ್ಲಿ ಶುಲ್ಕ ಕಡಿಮೆಯಾದರೆ ಶನಿವಾರ, ಭಾನುವಾರದ ನೂಕುನುಗ್ಗಲೂ ತಗ್ಗುತ್ತದೆ. ನಮ್ಮ ಹತ್ತಿರದ ಸಾವನದುರ್ಗಕ್ಕೂ ಇದು ಅನ್ವಯಿಸುತ್ತದೆ.

ಗುರುವಾರ ರಾತ್ರಿಯೊಳಗೆ ನಿಮ್ಮ ಸಲಹೆ ಇಲ್ಲೇ ಹಾಕಿ. ಹೋದ ಸಲ ಬುಕಿಂಗ್‌ನಲ್ಲಿ ತೊಂದರೆ ಆದವರು ದಿನಾಂಕ, ಜಾಗ ಎರಡನ್ನೂ ಬರೆಯಿರಿ. ಶನಿವಾರ ಬೆಳಿಗ್ಗೆ 7ಕ್ಕೆ ಲಾಲ್‌ಬಾಗ್ ಬಂಡೆ ಹತ್ತಿರ ಸಹಿ ಹಾಕೋಣ.