ತೊಡೆ ಮೇಲೆ ಮಗು ಕೂರಿಸುವ ವಿಚಾರ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸ್ಟ್ಯಾಂಡಿನ ಟ್ಯಾಕ್ಸಿಗಳಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಮಕ್ಕಳ ಸೀಟು, ಅಂದರೆ ಗಾಡಿಯ ಸೀಟಿನ ಮೇಲೆ ಕಟ್ಟುವ, ತನ್ನದೇ ಪಟ್ಟಿಗಳಿರುವ ಪುಟ್ಟ ಸೀಟು, ಕಡ್ಡಾಯ. ಇಷ್ಟು ದಿನ ಕೇಳಿದವರಿಗೆ ಬಿಟ್ಟಿ ಕೊಡುತ್ತಿದ್ದೆವು, ಇನ್ನು ಟ್ರಿಪ್ಪಿಗೆ 150 ರೂಪಾಯಿ. ವಾಟ್ಸಾಪಿನಲ್ಲಿ ಹಾಕಿದ ದಿನವೇ ಬೈಗುಳ ಶುರುವಾಯಿತು. ಅದಕ್ಕೇ ಈ ಪತ್ರ.

ಮೊದಲು ಕ್ಷಮೆ. ಹೋದ ವಾರ ಬೆಳಗಿನ ಜಾವ ಏರ್‌ಪೋರ್ಟಿಗೆ ಹೊರಟ ಕುವೆಂಪುನಗರದ ಕುಟುಂಬವೊಂದನ್ನು ಮುಕ್ಕಾಲು ಗಂಟೆ ಕಾಯಿಸಿದೆವು. ಸೀಟು ಬೇರೆ ಗಾಡಿಯ ಡಿಕ್ಕಿಯಲ್ಲಿ ಉಳಿದಿತ್ತು. ತಪ್ಪು ನಮ್ಮದೇ. ಈಗ ಯಾವ ಸೀಟು ಎಲ್ಲಿದೆ ಅಂತ ಸ್ಟ್ಯಾಂಡಿನ ಬೋರ್ಡಿನ ಮೇಲೆ ಬರೆದಿಡುತ್ತೇವೆ.

ಎಲ್ಲರೂ ಕೇಳುವುದು ಒಂದೇ: “ಅಮ್ಮನ ತೊಡೆಗಿಂತ ಭದ್ರವಾದ ಜಾಗ ಇದೆಯಾ? ನಾವೆಲ್ಲ ಹಾಗೇ ಬೆಳೆದಿಲ್ವಾ?” ಬೆಳೆದಿದ್ದೇವೆ, ನಿಜ. ಆಗ ಬೆಂಗಳೂರಿಗೆ ಹೋಗೋಕೆ ಅರ್ಧ ದಿನ ಬೇಕಿತ್ತು, ಅಲ್ವಾ? ಈಗ ಹೊಸ ಹೆದ್ದಾರಿಯಲ್ಲಿ 100ರ ವೇಗ. ಅದರ ಅರ್ಧ ವೇಗದಲ್ಲಿ ಗುದ್ದಿದರೂ 10 ಕೆ.ಜಿ. ಮಗುವಿನ ಎಳೆತ 100 ಕೆ.ಜಿ. ದಾಟುತ್ತದೆ. 25 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆ ಕೈಯಿಂದ ಜಾರಿದ ಹಾಗೆ. ಯಾವ ಅಮ್ಮನ ಕೈ ತಡೆಯುತ್ತೆ? ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತಿದರೆ ಇನ್ನೂ ಅಪಾಯ. ಅಮ್ಮನ ಭಾರವೆಲ್ಲ ಮಗುವಿನ ಮೇಲೆ. ದೊಡ್ಡವರ ಬೆಲ್ಟನ್ನು ಮಗುವಿಗೊಂದಕ್ಕೇ ಹಾಕಿದರೂ ಅದು ಕುತ್ತಿಗೆಗೆ, ಹೊಟ್ಟೆಗೆ ಬರುತ್ತದೆ.

ಕೂಸುಗಳ ಸೀಟನ್ನು ಹಿಂದಕ್ಕೆ ಮುಖ ಮಾಡಿ ಕಟ್ಟುತ್ತೇವೆ, ಕನಿಷ್ಠ 15 ತಿಂಗಳವರೆಗೆ. ಕೂಸಿನ ತಲೆ ಭಾರ, ಕತ್ತು ಎಳೆಯದು. ಮುಂದಿನ ಸೀಟಿನಲ್ಲಿ ಮಾತ್ರ ಕೇಳಬೇಡಿ. ಏರ್‌ಬ್ಯಾಗ್ ಉಬ್ಬಿದರೆ ನೇರ ಕೂಸಿನ ಸೀಟಿಗೇ ಹೊಡೆಯುತ್ತದೆ.

ಇನ್ನು 150 ರೂಪಾಯಿ. “ಒಂದ್ಸಲ ಕೊಂಡರೆ ಮುಗೀತಲ್ಲ” ಅನ್ನುತ್ತೀರಿ. ಮುಗಿಯಲ್ಲ ಸ್ವಾಮಿ. ಈ ಸೀಟಿಗೂ ಎಕ್ಸ್‌ಪೈರಿ ಇರುತ್ತದೆ. ನಮ್ಮ ಏಳರಲ್ಲಿ ಮೂರರ ಅವಧಿ ಮುಗಿದಿತ್ತು. ಇನ್ನೊಂದು, ಗುದ್ದಿಸಿಕೊಂಡ ಗಾಡಿಯಲ್ಲಿದ್ದದ್ದು. ನೋಡೋಕೆ ಹೊಸದರ ಹಾಗಿತ್ತು, ಆದರೂ ತೆಗೆದೆವು. ಗುಜರಿಯಿಂದ ಮತ್ತೆ ಯಾರ ಮನೆಗೂ ಹೋಗದಿರಲಿ ಅಂತ ನಾಲ್ಕರ ಪಟ್ಟಿಗಳನ್ನೂ ಕತ್ತರಿಸಿಯೇ ಕೊಟ್ಟೆವು. ಹೊಸ ನಾಲ್ಕಕ್ಕೆ 38,000 ಬಿತ್ತು, ಸಾಲದಲ್ಲಿ. ಮಡಿಕೇರಿ ತಿರುವುಗಳಲ್ಲಿ ವಾಂತಿ ಬೇರೆ. ಕವರ್ ಒಗೆಯಬಹುದು, ಪಟ್ಟಿಯನ್ನು ಮೆಷಿನ್ನಿಗೆ ಹಾಕುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಕು. ಇದಕ್ಕೆ “ದುಡ್ಡು ಮಾಡೋ ದಾರಿ” ಅಂದರೆ ಬೇಜಾರಾಗುತ್ತದೆ.

ದಂಡದ ಭಯವೂ ಇದೆ, ಸುಳ್ಳು ಹೇಳಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1,000 ರೂಪಾಯಿ, ಅದೂ ಗಾಡಿ ಓಡಿಸುವವನ ತಲೆಗೆ.

ಸ್ವಂತ ಸೀಟು ಇದ್ದರೆ ತನ್ನಿ, 150 ಬೇಡ, ಕಟ್ಟಿಕೊಡುತ್ತೇವೆ. ಬುಕ್ ಮಾಡುವಾಗ ಮಗುವಿನ ವಯಸ್ಸು, ತೂಕ, ಎತ್ತರ ಹೇಳಿ. ಕೂರಿಸಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಸಡಿಲ ಅಂತ ಅರ್ಥ. ಬಿಗಿ ಮಾಡಿಸಿ, ಸಂಕೋಚ ಬೇಡ. ದಾರಿಯಲ್ಲಿ ಮಗು ಅತ್ತರೆ ಜಾಗ ನೋಡಿ ನಿಲ್ಲಿಸುತ್ತೇವೆ, ವೇಟಿಂಗ್ ಚಾರ್ಜ್ ಹಾಕಲ್ಲ. ಎತ್ತಿಕೊಂಡು ಓಡಾಡಿಸಿ, ಹಾಲು ಕುಡಿಸಿ, ಮತ್ತೆ ಕಟ್ಟಿ ಹೊರಡೋಣ.

ಇಂತಿ,
ಸಂಘದ ಕಾರ್ಯದರ್ಶಿ ಮತ್ತು ನಿಮ್ಮ ಸ್ಟ್ಯಾಂಡಿನ ಹನ್ನೊಂದು ಡ್ರೈವರ್‌ಗಳು
ಮೈಸೂರು